ಚಮಚದಲ್ಲಿ ಹೆರೆದ ಶುಂಠಿ

"ಅಯ್ಯೋ ಅಕ್ಕಾ, ತಡೀರಿ! ಹೆರೀಬೇಡಿ ಅದನ್ನ!"

ಕಿರಿ ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹಾಗೆ ಕೂಗಿದಾಗ ಹಿರಿ ಸೊಸೆಯ ಕೈಯಲ್ಲಿದ್ದ ಸ್ಟೀಲ್ ಚಮಚ ಗಕ್ಕನೆ ನಿಂತಿತು. ಒಲೆಯ ಮೇಲೆ ಸಂಜೆಯ ಟೀಗೆ ನೀರು ಮರಳುತ್ತಿತ್ತು. ಆ ಮನೆಯಲ್ಲಿ ಶುಂಠಿಯ ಸಿಪ್ಪೆಯನ್ನು ಚಮಚದ ಅಂಚಿನಿಂದ ಹೆರೆಯುತ್ತಿದ್ದವಳು ಅವಳೊಬ್ಬಳೇ. ಅತ್ತೆಯದು ಚಾಕು, ಅರ್ಧ ಶುಂಠಿ ಸಿಪ್ಪೆಯ ಜೊತೆಗೇ ಕಸಕ್ಕೆ ಹೋಗುತ್ತಿತ್ತು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಕಿರಿ ಸೊಸೆಗೆ ಅಷ್ಟು ಪುರುಸೊತ್ತೂ ಇಲ್ಲ, ತೊಳೆದು ಸಿಪ್ಪೆ ಸಮೇತ ಜಜ್ಜಿ ಹಾಕುವವಳು. ಹಿರಿಯವಳು ಮಾತ್ರ ತೆಳ್ಳಗೆ, ಒಂದು ಚೂರೂ ಪೋಲಾಗದಂತೆ ಹೆರೆಯುತ್ತಿದ್ದಳು. ಅದನ್ನು ಯಾರೂ ಗಮನಿಸಿ ಹೊಗಳಿರಲಿಲ್ಲ, ಅದು ಬೇರೆ ಮಾತು.

"ನೋಡಿ ಇಲ್ಲಿ, ಕಣ್ಣು ಬಂದಿದೆ! ಅಂಗಡಿ ಶುಂಠಿ ಆದ್ರೇನು, ಜೀವ ಇದೆ ಇದಕ್ಕೆ. ನೆಟ್ರೆ ಬರುತ್ತೆ ಅಕ್ಕ."

ಹಿರಿ ಸೊಸೆ ಶುಂಠಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಹೌದು, ತುದಿಯಲ್ಲಿ ಹಸಿರಾಗಿ ಉಬ್ಬಿತ್ತು. ಅವಳ ಮುಖ ಅರಳಿತು. "ಹೌದಲ್ವೇನೇ! ಹಾಗಾದ್ರೆ ನಾನೇ ನೆಡ್ತೀನಿ. ಬಾಲ್ಕನೀಲಿ ಪೇಂಟಿನ ಬಕೆಟ್ ಖಾಲಿ ಬಿದ್ದಿದೆ..."

"ಬೇಡ!"

ನಡುಮನೆಯಿಂದ ಬಂದ ಮಾತು ಅತ್ತೆಯದು. "ಅವಳೇ ನೆಡ್ಲಿ. ನೀನು ಮುಟ್ಟಕ್ಕೆ ಹೋಗಬೇಡ. ಈ ಮನೆಗೆ ಬಂದು ಹನ್ನೆರಡು ವರ್ಷ ಆಯ್ತು, ನಿನ್ನ ಕೈಲಿ ಏನು ಚಿಗುರಿದೆ, ಒಣಶುಂಠಿ?"

ಒಣಶುಂಠಿ! ಮಕ್ಕಳಾಗದ ಹಿರಿ ಸೊಸೆಗೆ ಅತ್ತೆ ಇಟ್ಟ ಹೆಸರದು. ಮೊದಮೊದಲು ತಮಾಷೆಗೆಂದು ಶುರುವಾಗಿ, ಈಗ ಬಾಯಿಗೆ ರೂಢಿಯಾಗಿಬಿಟ್ಟಿತ್ತು. ಆದರೆ 'ನಿನ್ನ ಕೈಲಿ ಏನು ಚಿಗುರಿದೆ' ಎಂದು ಬಾಯಿ ಬಿಟ್ಟು ಕೇಳಿದ್ದು ಅದೇ ಮೊದಲು. ಹಿರಿ ಸೊಸೆ ಗಂಡನ ಕಡೆ ನೋಡಿದಳು. ಕೆಳಗಿನ ವಾಚ್ ರಿಪೇರಿ ಅಂಗಡಿಯಿಂದ ಟೀಗೆಂದು ಮೇಲೆ ಬಂದಿದ್ದ ಅವನು, ಬಿಚ್ಚಿದ ವಾಚೊಂದನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದ. ಒಂದು ಮಾತು... ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು! ಅವನು ತಲೆಯನ್ನು ಇನ್ನಷ್ಟು ಬಗ್ಗಿಸಿ ವಾಚಿನ ಮುಳ್ಳನ್ನೇ ನೋಡತೊಡಗಿದ. ಹಿರಿ ಸೊಸೆ ಶುಂಠಿಯನ್ನು ವಾರಗಿತ್ತಿಯ ಕೈಗೆ ಹಾಕಿ, ಡಬ್ಬದಿಂದ ಬೇರೊಂದು ತುಂಡು ತೆಗೆದು ಹೆರೆಯಲು ನಿಂತಳು.

ಕಿರಿ ಸೊಸೆಯ ನೆಡುವ ಶಾಸ್ತ್ರ ಒಂದೆರಡಲ್ಲ. ಮೊಳಕೆ ಬಾರದಿರಲಿ ಅಂತ ಕೆಲವು ಕಡೆ ಶುಂಠಿಗೆ ಏನಾದರೂ ಹಾಕಿರುತ್ತಾರೆ, ಅದು ಹೋಗಲೆಂದು ಒಂದು ರಾತ್ರಿ ನೀರಲ್ಲಿ ನೆನೆಸಿದಳು. ಕಣ್ಣಿದ್ದ ಕಡೆ ಚಾಕುವಿನಿಂದ ನೇರ ಕತ್ತರಿಸಿ, ಕತ್ತರಿಸಿದ ಗಾಯಕ್ಕೆ ಬೂದಿ ಸವರಿ, ಒಣಗಲು ಕಿಟಕಿಯ ಮೇಲಿಟ್ಟಳು. ವೈರಿಂಗ್ ಕೆಲಸದ ಅವಳ ಗಂಡ ಡ್ರಿಲ್ಲು ತಂದು ಪೇಂಟಿನ ಬಕೆಟ್ಟಿನ ತಳಕ್ಕೆ ತೂತು ಹಾಕಿಕೊಟ್ಟ. ಸಡಿಲ ಮಣ್ಣು, ಎರಡು ಬೆರಳು ಆಳ, ಕಣ್ಣು ಮೇಲಕ್ಕೆ. ನೀರು ಜಾಸ್ತಿಯಾದರೆ ಕೊಳೆಯುತ್ತದೆ, ಚಿಮುಕಿಸಿದರೆ ಸಾಕು. ಇಷ್ಟನ್ನೂ ಅವಳು ಹೇಳುತ್ತಿದ್ದರೆ ಅತ್ತೆ ಬಕೆಟ್ಟಿನ ಪಕ್ಕ ಸ್ಟೂಲು ಹಾಕಿಕೊಂಡು, ಮೊಣಕಾಲು ನೋವನ್ನೂ ಮರೆತು ಕೂತು ಕೇಳುತ್ತಿದ್ದಳು.

ಅಡುಗೆಮನೆಯ ಕಿಟಕಿ ಬಾಲ್ಕನಿಗೇ ತೆರೆಯುತ್ತಿತ್ತು. ಅದೊಂದು ಗೋಡೆಯಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹಿರಿ ಸೊಸೆ ಪಾತ್ರೆ ಉಜ್ಜುತ್ತಾ ಆ ಕಿಟಕಿಯಿಂದ ನೋಡಿದ್ದು ಶುಂಠಿಯನ್ನಲ್ಲ, ಆ ಸ್ಟೂಲನ್ನು. ಹನ್ನೆರಡು ವರ್ಷದಲ್ಲಿ ಅತ್ತೆ ಒಂದು ದಿನವಾದರೂ ಸ್ಟೂಲು ಎಳೆದುಕೊಂಡು ತನ್ನ ಒಲೆಯ ಪಕ್ಕ ಕೂತದ್ದುಂಟೇ? ನಿನ್ನೆ ಮೊನ್ನೆ ಬಂದ ಇವಳಿಗೆ ಕೆಲಸವಿದೆ, ಮಾತಿದೆ, ಕೈಗುಣವಿದೆ, ಸ್ಟೂಲೂ ಇದೆ! ತನಗೆ ಒಂದು ಒಲೆ. ಹೊಟ್ಟೆಯಲ್ಲಿ ಏನೋ ಹೊತ್ತಿಕೊಂಡಿತು. ಅದು ಎಂಥ ಬೆಂಕಿಯೆಂದರೆ, ಉರಿದಷ್ಟೂ ಅದಕ್ಕೆ ಹಸಿವು ಜಾಸ್ತಿ.

ಅದಕ್ಕೆ ಎಣ್ಣೆ ಸುರಿದವನು ಅವಳ ಗಂಡನೇ. ಒಂದು ಬೆಳಿಗ್ಗೆ ವಾಚ್ ನೋಡುವ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಾಲ್ಕನಿಗೆ ಬಂದು, ಬಕೆಟ್ಟಿನ ಮೇಲೆ ಬಗ್ಗಿ ಮಣ್ಣನ್ನು ಪರೀಕ್ಷಿಸಿದ. "ಏನೂ ಕಾಣಿಸ್ತಿಲ್ವಲ್ಲಮ್ಮ ಇನ್ನೂ..." ಎಂದು ತಮ್ಮನ ಹೆಂಡತಿಗೆ ಸಮಾಧಾನ ಬೇರೆ. ಎಲ್ಲರೂ ನಕ್ಕರು. ಕಿಟಕಿಯ ಈಚೆ ನಿಂತಿದ್ದವಳು ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜಿದಳು. ಆ ಮಸೂರ ಹಾಕಿಕೊಂಡು ಒಂದು ದಿನವಾದರೂ ನನ್ನ ಮುಖ ನೋಡಿದ್ದಾರಾ ಇವರು? ನೋಡಿದ್ದರೆ ಕಣ್ಣ ಕೆಳಗಿನ ಕಪ್ಪು ಕಾಣಿಸುತ್ತಿತ್ತಲ್ಲ!

ಅದೇ ದಿನ ಮಧ್ಯಾಹ್ನ. ಕಿರಿಯವಳು ಡ್ಯೂಟಿಗೆ ಹೋಗಿದ್ದಳು, ಗಂಡಸರು ಅವರವರ ಕೆಲಸದ ಮೇಲೆ. ಅತ್ತೆಯ ಗೊರಕೆ ನಡುಮನೆಯಿಂದ ಕೇಳುತ್ತಿತ್ತು. ಹಿರಿ ಸೊಸೆ ಒಗೆದ ಬಟ್ಟೆ ಹರವಲು ಬಾಲ್ಕನಿಗೆ ಬಂದವಳು ಬಕೆಟ್ಟಿನ ಮುಂದೆ ಕೂತಳು. ಸುಮ್ಮನೆ ನೋಡೋಣ ಎಂದಷ್ಟೇ ಬೆರಳಿನಿಂದ ಮಣ್ಣು ಸರಿಸಿದಳು. ಆಹಾ... ಬಿಳೀ ಬೇರು ಬಿಟ್ಟಿತ್ತು! ಬೆರಳ ತುದಿಯಷ್ಟು ಮೊಳಕೆ, ತುದಿ ಕೆಂಪಗೆ. ಇನ್ನೆರಡು ದಿನಕ್ಕೆ ಮಣ್ಣಿನ ಮೇಲೆ ಬರುತ್ತದೆ. ಆಮೇಲೆ ಅತ್ತೆ ಕೂಗುತ್ತಾಳೆ, ಮೈದುನ ಓಡಿ ಬರುತ್ತಾನೆ, ಗಂಡ ಮಸೂರ ತರುತ್ತಾನೆ... ಅಷ್ಟನ್ನು ಯೋಚಿಸುವುದರೊಳಗೆ ಕೈ ಅದನ್ನು ಕಿತ್ತಾಗಿತ್ತು.

ಕಿತ್ತ ಮೇಲೆ ಬಕೆಟ್ಟಿನ ಕಡೆ ನೋಡಿದಳು. ಮಣ್ಣಿನಲ್ಲಿ ಗುಂಡಿ ಬಾಯಿ ಬಿಟ್ಟುಕೊಂಡಿದೆ! ಸಂಜೆ ಕಿರಿಯವಳು ಬಂದು ಬೆರಳು ಹಾಕಿ ನೋಡಿದರೆ? ಅಡುಗೆಮನೆಗೆ ಓಡಿದಳು. ಕಟ್ಟೆಯ ಮೇಲೆ ಬೆಳಗಿನ ಟೀಗೆ ಅರ್ಧ ಮುರಿದು ಉಳಿದ ಶುಂಠಿ ತುಂಡು ಬಿದ್ದಿತ್ತು, ಒಂದು ಮಗ್ಗುಲು ಚಮಚದಲ್ಲಿ ಹೆರೆದದ್ದು. ಅದನ್ನೇ ತಂದು ಗುಂಡಿಗೆ ತುರುಕಿದಳು. ನೆನೆಸಿದ್ದಿಲ್ಲ, ಬೂದಿ ಹಚ್ಚಿದ್ದಿಲ್ಲ, ಮೇಲೆ ಯಾವುದು ಕೆಳಗೆ ಯಾವುದು ನೋಡಿದ್ದಿಲ್ಲ. ಸಿಪ್ಪೆ ಹೋದದ್ದು ಹೇಗೂ ಕೊಳೆಯುತ್ತದೆ, ಪೀಡೆ ಕಳೆಯುತ್ತದೆ ಎಂದುಕೊಂಡು ಮಣ್ಣು ತಟ್ಟಿದಳು.

ಮೊಳಕೆ ಬಂದಿದ್ದ ತುಂಡನ್ನು ಎಲ್ಲಿ ಬಚ್ಚಿಡುವುದು? ಜಜ್ಜಿ ಸಂಜೆಯ ಟೀಗೆ ಹಾಕಿಬಿಟ್ಟಳು.

"ಇವತ್ತು ಟೀ ಚೆನ್ನಾಗಿದೆ ಕಣೇ," ಅಂದಳು ಅತ್ತೆ. ಎಷ್ಟೋ ವರ್ಷದ ಮೇಲೆ ಅತ್ತೆಯ ಬಾಯಿಂದ ಬಿದ್ದ ಹೊಗಳಿಕೆ! ಕಿರಿಯವಳು ಇನ್ನೊಂದರ್ಧ ಲೋಟ ಕೇಳಿ ಹಾಕಿಸಿಕೊಂಡಳು. ಹಿರಿಯವಳಿಗೆ ಒಂದು ಗುಟುಕೂ ಒಳಗೆ ಇಳಿಯಲಿಲ್ಲ.

ದಿನ ಕಳೆಯಿತು, ವಾರ ಕಳೆಯಿತು, ಬಕೆಟ್ಟಿನಲ್ಲಿ ಬರೀ ಮಣ್ಣು. ಮೈದುನ "ಏನಮ್ಮಾ ರೈತರೇ, ಬೆಳೆ ವಿಮೆ ಮಾಡ್ಸಿದ್ದೀರಾ?" ಎಂದು ಹೆಂಡತಿಯನ್ನು ರೇಗಿಸುತ್ತಿದ್ದ. "ಶುಂಠಿಗೆ ಆತುರ ಇರಲ್ಲ, ನಮಗೂ ಇರಬಾರ್ದು," ಎಂದು ಅವಳು ನಕ್ಕರೂ ಮುಖ ಸಣ್ಣದಾಗುತ್ತಿತ್ತು. ಅತ್ತೆಯ ಸ್ಟೂಲು ಮತ್ತೆ ನಡುಮನೆಗೆ ಹೋಯಿತು. ಹಿರಿ ಸೊಸೆಗೆ ಗೆದ್ದ ಸಂತೋಷ ಆಗಬೇಕಿತ್ತು, ಸ್ವಲ್ಪ ಆಯಿತು ಕೂಡ, ಸುಳ್ಳೇಕೆ ಹೇಳಬೇಕು! ಆದರೆ ರಾತ್ರಿ ಕಣ್ಣು ಮುಚ್ಚಿದರೆ ಆ ಕೆಂಪು ತುದಿಯೇ ಕಾಣುತ್ತಿತ್ತು.

ಆಮೇಲೊಂದು ಬೆಳಿಗ್ಗೆ ಅತ್ತೆ ಬಾಲ್ಕನಿಯಿಂದ ಕಿರುಚಿದಳು.

"ಬನ್ರೋ ಎಲ್ಲಾ! ಬಂತು ಕಣ್ರೋ, ಚಿಗುರು ಬಂತು!"

ಒಲೆಯ ಮೇಲಿನ ಹಾಲು ಉಕ್ಕಿ ಸುರಿದದ್ದೂ ಹಿರಿ ಸೊಸೆಗೆ ತಿಳಿಯಲಿಲ್ಲ. ಕಿಟಕಿಯಿಂದ ನೋಡಿದಳು. ಮಣ್ಣು ಸೀಳಿಕೊಂಡು, ಸೊಟ್ಟಗೆ, ಒಂದು ಹಸಿರು ಮೊನೆ ಎದ್ದು ನಿಂತಿತ್ತು. ಹೇಗೆಂದರೆ ಹಾಗೆ ತುರುಕಿದ್ದಕ್ಕೆ ಸೊಟ್ಟ... ಅವಳಿಗೆ ಮಾತ್ರ ಗೊತ್ತು! ಅಯ್ಯೋ, ಅದು ನನ್ನದು! ಈ ಕೈ ನೆಟ್ಟಿದ್ದು! ಏನೂ ಚಿಗುರುವುದಿಲ್ಲ ಎಂದಿರಲ್ಲ, ನೋಡಿ ಬನ್ನಿ, ಎಂದು ಬೀದಿಗೆಲ್ಲ ಕೇಳುವಂತೆ ಕೂಗಬೇಕೆನಿಸಿತು. ಆದರೆ ಕೂಗಿದರೆ ಇನ್ನೊಂದನ್ನೂ ಹೇಳಬೇಕಲ್ಲ?

"ಕೈಗುಣ ಅಂದ್ರೆ ಇದು!" ಅತ್ತೆ ಕಿರಿ ಸೊಸೆಯ ಗಲ್ಲ ಹಿಡಿದು ಹೇಳುತ್ತಿದ್ದಳು. ಕಳ್ಳನಿಗೆ ಚೇಳು ಕುಟುಕಿದ ಹಾಗಾಯಿತು ಹಿರಿಯವಳ ಪಾಡು. ನೋವೋ ನೋವು, ಅಮ್ಮಾ ಅನ್ನುವಂತಿಲ್ಲ. ಲೋಕದಲ್ಲಿ ಜನ ಬೇರೆಯವರ ಸೊತ್ತಿಗೆ ಹೊಟ್ಟೆಕಿಚ್ಚು ಪಡುತ್ತಾರೆ. ಇವಳು ತನ್ನದೇ ಸೊತ್ತಿಗೆ ಹೊಟ್ಟೆಕಿಚ್ಚು ಪಡಬೇಕಾಯಿತು.

ಅದೇ ತಿಂಗಳು ಕಿರಿ ಸೊಸೆಗೆ ವಾಂತಿ ಶುರುವಾಯಿತು. ಅತ್ತೆ ಕಾಲು ನೋವಿದ್ದೂ ಮನೆತುಂಬ ಓಡಾಡಿದಳು. "ನಾನು ಹೇಳ್ಲಿಲ್ವಾ, ಆ ಕೈ ಮುಟ್ಟಿದ್ದೆಲ್ಲ ಚಿಗುರುತ್ತೆ!" ಎಂದು ಬಂದವರಿಗೆಲ್ಲ ಬಕೆಟ್ಟನ್ನು ತೋರಿಸಿ ತೋರಿಸಿ ಹೇಳಿದಳು. ಹಿರಿ ಸೊಸೆ ವಾರಗಿತ್ತಿಯ ತಲೆ ಹಿಡಿದಳು, ಬಚ್ಚಲು ತೊಳೆದಳು, ಬೇಕೆಂದದ್ದು ಮಾಡಿ ಹಾಕಿದಳು. ಎಲ್ಲ ಮುಗಿದು ಮನೆ ತಣ್ಣಗಾದ ಮೇಲೆ ಬಾಲ್ಕನಿಗೆ ಹೋಗಿ ಶುಂಠಿ ಗಿಡದ ಮುಂದೆ ಕೂರುತ್ತಿದ್ದಳು. ಬಿಸಿಲು ತಿರುಗಿದಂತೆ ಬಕೆಟ್ ತಿರುಗಿಸಿದಳು. ಬುಡದಲ್ಲಿ ಗಡ್ಡೆ ಇಣುಕಿದರೆ ಮಣ್ಣು ಏರಿಸಿದಳು. ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. "ನೀನಾದ್ರೂ ಹೇಳು, ಯಾರ ಮಗು ನೀನು?" ಎಂದು ಒಂದು ದಿನ ಅದನ್ನೇ ಕೇಳಿದಳು. ಗಿಡ ಪಾಪ ಏನು ಹೇಳೀತು?

ಹೆಣ್ಣು ಮಗು ಹುಟ್ಟಿತು. ನರ್ಸಮ್ಮನ ಕಾನೂನು ಬಿಗಿ. ಯಾರೇ ಮಗುವಿನ ಹತ್ತಿರ ಬಂದರೂ "ಮೊದ್ಲು ಕೈ ತೊಳ್ಕೊಂಡು ಬನ್ನಿ!" ಗಂಡನಿಗೂ ಅದೇ, ಭಾವನಿಗೂ ಅದೇ. ಅತ್ತೆ ದಿನಕ್ಕೆ ಹತ್ತು ಸಲ "ನನ್ನ ಕೈಗೇನಾಗಿದೆಯೇ ತಾಯಿ!" ಎಂದು ಗೊಣಗುತ್ತಾ ನಲ್ಲಿಗೆ ಹೋಗುತ್ತಿದ್ದಳು. ಹಿರಿ ಸೊಸೆಗೆ ಮಾತ್ರ ಆ ಮಾತು ಬೀಳಲಿಲ್ಲ, ಏಕೆಂದರೆ ಅವಳು ಹತ್ತಿರವೇ ಹೋಗಲಿಲ್ಲ. "ಅಕ್ಕ, ಬನ್ನಿ, ಎತ್ಕೊಳ್ಳಿ," ಎಂದು ಕಿರಿಯವಳು ಒಮ್ಮೆ ಕರೆದಾಗ ಅತ್ತೆ ಜೋರಾಗಿ ಕೆಮ್ಮಿದ್ದಳು. "ಒಲೆ ಮೇಲೆ ಹಾಲಿದೆ..." ಎಂದು ಹಿರಿಯವಳು ಹಿಂದೆ ಸರಿದಿದ್ದಳು. ಅತ್ತೆಯ ಕೆಮ್ಮೊಂದೇ ಆಗಿದ್ದರೆ ಸಹಿಸಬಹುದಿತ್ತು. ಮೊಳಕೆ ಕಿತ್ತ ಕೈ ಇದು, ಕೂಸನ್ನು ಹೇಗೆ ಮುಟ್ಟಲಿ ಎಂದು ತನ್ನೊಳಗೇ ಕೆಮ್ಮುವ ಮನಸ್ಸಿಗೆ ಏನು ಮಾಡುವುದು? ಮಗುವಿನ ಬಟ್ಟೆ ಒಗೆಯುತ್ತಾ, ಬಟ್ಟಲು ಕುದಿಸುತ್ತಾ, ಬೈಸಿಕೊಂಡು ನಲ್ಲಿಗೆ ಹೋಗುವ ಪ್ರತಿಯೊಬ್ಬರನ್ನೂ ನೋಡಿ ಅವಳು ಕರುಬಿದಳು.

ಶುಂಠಿಯ ಎಲೆಗಳು ಹಳದಿಗೆ ತಿರುಗಿ ಬಾಗಿದವು. ಕಿರಿ ಸೊಸೆಯ ರಜೆಯೂ ಮುಗಿಯುತ್ತಾ ಬಂದಿತ್ತು. ಒಂದು ರಜಾದಿನ ಬೆಳಿಗ್ಗೆ ಬಾಲ್ಕನಿಯಲ್ಲಿ ಹಳೆ ಪೇಪರ್ ಹಾಸಿ ಎಲ್ಲರೂ ಸೇರಿದರು. ಒಳಗೆ ಮಗು ಮಲಗಿತ್ತು. ಅತ್ತೆಯ ಸ್ಟೂಲು ಮತ್ತೆ ಬಂದಿತ್ತು.

"ಅಮ್ಮಾ, ನಾನು ಡ್ಯೂಟಿಗೆ ಹೋದ್ಮೇಲೆ ಪಾಪುನ ಅಕ್ಕ ನೋಡ್ಕೊಳ್ಳಿ ಅಂತಿದೀನಿ," ಅಂದಳು ಕಿರಿ ಸೊಸೆ, ಮಣ್ಣಿನ ಅಂಚನ್ನು ಸಡಿಲ ಮಾಡುತ್ತಾ.

"ಆಯಾ ಒಬ್ಬಳನ್ನ ಗೊತ್ತು ಮಾಡೋಣ," ಅತ್ತೆ ತಟ್ಟನೆ ಹೇಳಿದಳು. "ನನ್ನ ಕಾಲು ಸರಿ ಇದ್ದಿದ್ರೆ ನಾನೇ ನೋಡ್ಕೋತಿದ್ದೆ. ಆ ಕೈಗೆ ಮಾತ್ರ ಬೇಡ. ನಾನು ಕೆಟ್ಟವಳು ಅಂತಾನೇ ಅಂದ್ಕೋ. ಆದ್ರೆ ಬೇಡ."

ಅವಳ ಎದುರಿಗೇ! ಹಿರಿ ಸೊಸೆ ಪೇಪರಿನ ಮೂಲೆಯನ್ನು ಗಟ್ಟಿಯಾಗಿ ಹಿಡಿದು ಕೂತಳು. ಮೈದುನ ಬಕೆಟ್ಟನ್ನು ಬೋರಲು ಹಾಕಿದ. ದೊಪ್ಪನೆ ಬಿತ್ತು ಗಡ್ಡೆ! ಮುಷ್ಟಿ ಮುಷ್ಟಿಯಾಗಿ ಹರಡಿ, ಬಕೆಟ್ಟಿನ ಸುತ್ತಳತೆಯನ್ನೇ ತುಂಬಿಕೊಂಡಿತ್ತು. ಹಸಿ ಶುಂಠಿಯ ಘಾಟು ಬಾಲ್ಕನಿ ತುಂಬಿತು. "ಅಬ್ಬಾ, ಏನು ಕೈಗುಣವೇ ನಿಂದು!" ಎಂದು ಅತ್ತೆ ಮೂಗಿನ ಮೇಲೆ ಬೆರಳಿಟ್ಟಳು. ಕಿರಿ ಸೊಸೆ ನಗುತ್ತಾ ಒಂದೊಂದೇ ಮುರಿದು ಬಿಡಿಸತೊಡಗಿದಳು. ನಡುವಿನಿಂದ ಹಳೆಯ ತುಂಡು ಕೈಗೆ ಬಂತು. ಮೊದಲು ನೆಟ್ಟದ್ದು ಕರಗದೆ ಹಾಗೇ ಇರುತ್ತದೆ ಶುಂಠಿಯಲ್ಲಿ, ಬಣ್ಣ ಮಾತ್ರ ಕಪ್ಪಾಗಿರುತ್ತದೆ. ಅದನ್ನು ನೋಡುತ್ತಿದ್ದಂತೆ ಅವಳ ನಗು ನಿಂತಿತು.

"ಇದು ನಾನು ನೆಟ್ಟಿದ್ದಲ್ಲ!"

"ಏನೇ ಹಾಗಂದ್ರೆ?"

"ನಾನು ಚಾಕೂಲಿ ಕತ್ತರಿಸಿ ಬೂದಿ ಹಚ್ಚಿದ್ದೆ. ಇದನ್ನ ಮುರಿದಿದ್ದಾರೆ. ಈ ಕಡೆ ನೋಡಿ, ಸಿಪ್ಪೆ ಇಲ್ಲ. ಚಾಕು ಅಲ್ಲ ಇದು, ಚಮಚದಲ್ಲಿ ಹೆರೆದಿರೋದು. ಈ ಮನೇಲಿ ಚಮಚದಲ್ಲಿ ಹೆರೆಯೋರು ಯಾರಮ್ಮಾ?"

ಎಲ್ಲರೂ ಹಿರಿ ಸೊಸೆಯ ಕಡೆ ತಿರುಗಿದರು. ಅವಳು ಕೂತಲ್ಲೇ ಹಿಂದಕ್ಕೆ ಸರಿದಳು. ಮುಗಿಯಿತು, ಎಲ್ಲ ಮುಗಿಯಿತು! ಆದರೆ ಕಿರಿಯವಳ ಮುಖದಲ್ಲಿದ್ದದ್ದು ಸಿಟ್ಟಲ್ಲ. ಅವಳ ಕಣ್ಣು ತುಂಬಿ ಬಂದಿತ್ತು.

"ಅಕ್ಕಾ... ನನ್ನದು ಕೊಳೆತು ಹೋಗಿತ್ತಾ? ನಂಗೆ ಬೇಜಾರಾಗುತ್ತೆ ಅಂತ ನೀವು ಬೇರೆ ನೆಟ್ರಾ? ನೆಟ್ಟು ಒಂದು ಮಾತೂ ಹೇಳ್ಲಿಲ್ಲ! ಅಮ್ಮ ನನ್ನ ಹೊಗಳ್ತಾ ಇದ್ರೆ ಇಷ್ಟು ತಿಂಗಳು ಸುಮ್ನೆ ಕೇಳ್ಕೊಂಡಿದ್ರಾ? ನೋಡಿ ಅಮ್ಮ, ಯಾರ ಕೈಲಿ ಚಿಗುರಿದೆ ನೋಡಿ!"

ಅತ್ತೆ ಆ ಕಪ್ಪು ತುಂಡನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. "ಇದು ಇವಳು ನೆಟ್ಟಿದ್ದಾ..." ಎಂದಳು. ತಲೆಯೆತ್ತದೆಯೇ, "ಹಂಗಾದ್ರೆ ಆಯಾ ಯಾಕೆ ಬಿಡು. ಪಾಪು ಇವಳ ಹತ್ರಾನೇ ಇರ್ಲಿ," ಎಂದಳು.

ಹನ್ನೆರಡು ವರ್ಷದಿಂದ ಹಿರಿ ಸೊಸೆ ಕಾದದ್ದು ಆ ಮಾತಿಗೆ. ಕೇಳದೆಯೇ ಬಂದು ಮಡಿಲಿಗೆ ಬಿದ್ದಿತ್ತು. ಬಾಯಿ ಮುಚ್ಚಿಕೊಂಡು ಕೂತರೆ ಸಾಕು, ಕೈಗುಣವೂ ತನ್ನದು, ಮಗುವೂ ತನ್ನ ಮಡಿಲಲ್ಲಿ. ಕಿರಿಯವಳು ಮಣ್ಣು ಮೆತ್ತಿದ ಕೈಯಲ್ಲಿ ಇವಳ ಕೈ ಹಿಡಿದುಕೊಂಡು ನಗುತ್ತಿದ್ದಳು. ಆ ನಗುವನ್ನು ನೋಡಲಾಗಲಿಲ್ಲ ಹಿರಿ ಸೊಸೆಗೆ. ಇಷ್ಟು ದಿನ ಸುಟ್ಟ ಹೊಟ್ಟೆಕಿಚ್ಚಿಗಿಂತ ಈ ಪ್ರೀತಿ ಹೆಚ್ಚು ಸುಟ್ಟಿತು.

"ಕೊಳೆತಿರಲಿಲ್ಲ," ಎಂದಳು.

"ಏನಕ್ಕ?"

"ನಿಂದು ಕೊಳೆತಿರಲಿಲ್ಲ ಕಣೇ... ಚಿಗುರಿತ್ತು. ನಾನೇ ಕಿತ್ತೆ! ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಕಿತ್ತೆ. ಗೊತ್ತಾಗಬಾರ್ದು ಅಂತ ಕಟ್ಟೆ ಮೇಲಿದ್ದ ಈ ತುಂಡು ತುರುಕಿದೆ. ಇದೂ ಸಾಯ್ಲಿ ಅಂತಾನೇ ತುರುಕಿದ್ದು!"

ಕಿರಿ ಸೊಸೆಯ ಕೈ ಮೆಲ್ಲಗೆ ಸಡಿಲವಾಯಿತು.

"ಚಿಗುರಿತ್ತಾ ಅದು?" ಎಂದು ಸಣ್ಣ ದನಿಯಲ್ಲಿ ಕೇಳಿದಳು.

"ಹೂಂ. ಬೆರಳ ತುದಿಯಷ್ಟು. ತುದಿ ಕೆಂಪಗಿತ್ತು... ಟೀಗೆ ಜಜ್ಜಿ ಹಾಕಿದೆ. ನೀನು ಇನ್ನರ್ಧ ಲೋಟ ಕೇಳಿ ಕುಡಿದೆ."

"ನೋಡಿದ್ರಾ! ನೋಡಿದ್ರಾ!" ಅತ್ತೆ ಸ್ಟೂಲಿನಿಂದ ಎದ್ದೇಬಿಟ್ಟಳು. "ನಾನು ಬಡ್ಕೊಂಡಿದ್ದು ಇದಕ್ಕೇ! ಈ ಒಣಶುಂಠಿ..."

"ಅಮ್ಮಾ, ಸಾಕು!"

ವಾಚ್ ರಿಪೇರಿಯವನ ದನಿ ಅಷ್ಟು ದೊಡ್ಡದಿದೆ ಎಂದು ಆ ಮನೆಗೆ ಅಂದೇ ಗೊತ್ತಾದದ್ದು. "ಆ ಹೆಸರು ಇನ್ನೊಂದ್ಸಲ ನಿನ್ನ ಬಾಯಲ್ಲಿ ಬರಬಾರ್ದು. 'ನಿನ್ನ ಕೈಲಿ ಏನು ಚಿಗುರಿದೆ' ಅಂತ ನೀನು ಅಂದಾಗ ನಾನು ಅಲ್ಲೇ ಕೂತಿದ್ದೆ. ವಾಚಿನ ಮುಳ್ಳು ನೋಡ್ತಾ ಕೂತಿದ್ದೆ! ಕಿತ್ತಿದ್ದು ಅವಳ ಕೈ, ನಿಜ. ಆದ್ರೆ ಕೀಳಿಸಿದ್ದು ನೀನು. ಸುಮ್ನೆ ಕೂತು ನೋಡಿದ್ದು ನಾನು."

ಅತ್ತೆ ನಿಂತಲ್ಲೇ ನಿಂತಳು. ಕೈಯಲ್ಲಿ ಇನ್ನೂ ಆ ಕಪ್ಪು ತುಂಡಿತ್ತು. ಅದನ್ನು ಎಸೆಯಲೂ ಇಲ್ಲ, ಇಡಲೂ ಇಲ್ಲ. ನಿಧಾನವಾಗಿ ಮತ್ತೆ ಸ್ಟೂಲಿನ ಮೇಲೆ ಕೂತಳು. "ಆ ದಿನದ ಟೀ ಚೆನ್ನಾಗಿದೆ ಅಂದಿದ್ದೆ ನಾನು..." ಎಂದು ತನ್ನಷ್ಟಕ್ಕೇ ಹೇಳಿಕೊಂಡಳು.

ಕಿರಿ ಸೊಸೆ ಎದ್ದು ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು, ನಿಂತಿತು. ಆಮೇಲೆ ಕೋಣೆಯ ಬಾಗಿಲು. ಹಿರಿ ಸೊಸೆ ತಲೆ ಬಗ್ಗಿಸಿ ಚೆಲ್ಲಿದ ಮಣ್ಣನ್ನು ಬೊಗಸೆಯಲ್ಲಿ ಎತ್ತಿ ಬಕೆಟ್ಟಿಗೆ ತುಂಬತೊಡಗಿದಳು. ಮೂಗಿನ ತುದಿಯಿಂದ ಕಣ್ಣೀರು ಮಣ್ಣಿಗೆ ತೊಟ್ಟಿಕ್ಕುತ್ತಿತ್ತು. ಹೋಯಿತು, ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಆದರೂ ಎದೆಯ ಮೇಲಿನ ಕಲ್ಲೊಂದು ಇಳಿದಿತ್ತು. ಇನ್ನು ಆಯಾ ಬರಲಿ, ಯಾರೇ ಬರಲಿ, ಬಟ್ಟಲು ಕುದಿಸಿಕೊಂಡು ಇರುತ್ತೇನೆ ಎಂದುಕೊಂಡಳು.

"ಅಕ್ಕ."

ತಲೆಯೆತ್ತಿದಳು. ಬಾಗಿಲಲ್ಲಿ ಕಿರಿಯವಳು ನಿಂತಿದ್ದಳು. ಅತ್ತು ಕಣ್ಣು ಕೆಂಪಾಗಿತ್ತು. ತೋಳಲ್ಲಿ ಮಗು, ಆಗ ತಾನೇ ಎದ್ದು ಪಿಳಿಪಿಳಿ ನೋಡುತ್ತಿತ್ತು.

"ನಂಗೆ ಕೋಪ ಹೋಗಿಲ್ಲ. ಇವತ್ತೇ ಹೋಗುತ್ತೆ ಅಂತಾನೂ ಅನ್ಸಲ್ಲ," ಎಂದಳು. "ಆದ್ರೆ ಸುಮ್ನಿದ್ದಿದ್ರೆ ಎಲ್ಲಾ ನಿಮಗೇ ಸಿಗ್ತಿತ್ತು. ಹೇಳಿಬಿಟ್ರಿ. ಇಂಥೋರ ಹತ್ರ ಬಿಟ್ಟು ಹೋದ್ರೆ ನಾನು ಆಸ್ಪತ್ರೇಲಿ ನೆಮ್ಮದಿಯಾಗಿ ಕೆಲಸ ಮಾಡಬಹುದು."

ಹಿರಿ ಸೊಸೆ ಮಂಡಿಗೆ ಕೈಯೂರಿ ಎದ್ದಳು. ನಂಬಲಾಗದೆ ಎರಡೂ ಕೈ ಮುಂದೆ ಚಾಚಿದಳು. ಮೊಣಕೈವರೆಗೂ ಮಣ್ಣು ಮೆತ್ತಿದ್ದ ಕೈಗಳು.

ಕಿರಿಯವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಮೊದ್ಲು ಕೈ ತೊಳ್ಕೊಂಡು ಬನ್ನಿ!"

ಆ ಬೈಗುಳ ಕಿವಿಗೆ ಬಿದ್ದದ್ದೇ ತಡ, ಹಿರಿ ಸೊಸೆ ಬಾಯಿಗೆ ಸೆರಗೊತ್ತಿಕೊಂಡು ಗಳಗಳನೆ ಅತ್ತಳು. ಅಳುತ್ತಲೇ ನಲ್ಲಿಗೆ ಓಡಿದಳು. ಮೈದುನ ದಾರಿ ಬಿಟ್ಟ. ಅತ್ತೆ ಗೋಡೆ ಹಿಡಿದುಕೊಂಡು ಕುಂಟುತ್ತಾ ಹಿಂದೆಯೇ ಬಂದು, ಮುಖ ಬೇರೆ ಕಡೆ ತಿರುಗಿಸಿ, ಸೋಪು ಮುಂದೆ ಹಿಡಿದಳು. ಹಿರಿ ಸೊಸೆ ಅದನ್ನು ತೆಗೆದುಕೊಂಡಳು. ಉಗುರು ಸಂದಿಯ ಮಣ್ಣೆಲ್ಲ ಹೋಗಿ ನೀರು ತಿಳಿಯಾದರೂ ಅವಳು ತಿಕ್ಕುತ್ತಲೇ ಇದ್ದಳು.

"ಸಾಕು ಅಕ್ಕ," ಕಿರಿಯವಳು ಒಳಗಿನಿಂದ ಕೂಗಿದಳು. "ಪಾಪು ಕಾಯ್ತಾ ಇದೆ."